ಬೀಪ್ ಸದ್ದಿನ ನಂತರ

1998ರ ಡಿಸೆಂಬರ್ ತಿಂಗಳ ಒಂದು ಶುಕ್ರವಾರ ಸಂಜೆ, ಆರು ಗಂಟೆ ಹತ್ತು ನಿಮಿಷಕ್ಕೆ, ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಎಂಬ ಊರಿನ ಟ್ರಾವೆಲ್ ಏಜೆನ್ಸಿಯೊಂದಕ್ಕೆ ನಾನು ಫೋನ್ ಮಾಡಿದೆ. ನಾಲ್ಕು ಸಲ ರಿಂಗಾಯಿತು. ಆಮೇಲೆ ಒಂದು ಕ್ಲಿಕ್ ಸದ್ದು, ಹೆಣ್ಣುದನಿಯಲ್ಲಿ ಎರಡು ವಾಕ್ಯ, ಬೀಪ್. ನಾನು ಸುಮಾರು ಅರ್ಧ ನಿಮಿಷ ಮಾತಾಡಿ ಫೋನ್ ಇಟ್ಟೆ. ಆ ಅರ್ಧ ನಿಮಿಷವನ್ನು ಆಮೇಲೆ ಅದೆಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ಕೇಳಿದ್ದೇನೋ ಲೆಕ್ಕವಿಲ್ಲ.

ಆ ದಿನ ಬೆಳಿಗ್ಗೆ ಏಳಕ್ಕೆ ಅಣ್ಣ ಶಿವಮೊಗ್ಗದಿಂದ, ಆಸ್ಪತ್ರೆ ಎದುರಿನ ಐಎಸ್‌ಡಿ ಬೂತಿನಿಂದ ಮಾತಾಡಿದ್ದ. ಅವನ ಕಣ್ಣು ಮೀಟರಿನ ಕೆಂಪು ಅಂಕಿಗಳ ಮೇಲಿದ್ದದ್ದು ನನಗೆ ಅಷ್ಟು ದೂರಕ್ಕೂ ಗೊತ್ತಾಗುತ್ತಿತ್ತು. "ಅಪ್ಪಂಗೆ ಹುಷಾರಿಲ್ಲ ಕಣೋ. ಬರೋ ಹಾಗಿದ್ರೆ ಈಗ್ಲೇ ಬಾ" ಎಂದ. ನಾನು ಅಲ್ಲಿಗೆ ಹೋಗಿ ಏಳು ತಿಂಗಳಾಗಿತ್ತಷ್ಟೆ. 2000ನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ದಿನಾಂಕ ತಪ್ಪಿ ಕುಸಿದುಬೀಳುತ್ತವೆ ಎಂಬ ಭಯದಲ್ಲಿ ನಮ್ಮಂಥ ಸಾವಿರಾರು ಹುಡುಗರನ್ನು ಕರೆಸಿಕೊಂಡಿದ್ದ ಕಾಲ. ಮಧ್ಯಾಹ್ನ ಏಜೆನ್ಸಿಯ ಯಜಮಾನರು, ಶನಿವಾರ ಸಂಜೆಯ ಮುಂಬಯಿ ವಿಮಾನದಲ್ಲಿ ಒಂದೇ ಒಂದು ಸೀಟಿದೆ, ನಡುರಾತ್ರಿಯವರೆಗೆ ನಿಮ್ಮ ಹೆಸರಲ್ಲಿ ಹಿಡಿದಿಟ್ಟಿರುತ್ತೇನೆ, ಅಷ್ಟರೊಳಗೆ ಹೌದೋ ಅಲ್ಲವೋ ಹೇಳಿ ಎಂದಿದ್ದರು. ಆಫೀಸಿನಲ್ಲಿ ರಜೆಯ ಒಪ್ಪಿಗೆ ಸಿಕ್ಕಾಗ ಆರು ದಾಟಿತ್ತು. ಯಜಮಾನರು ಮನೆಗೆ ಹೋಗಿದ್ದರು. ಮಷೀನು ಎದ್ದಿತು.

ಈ ಕಥೆಯನ್ನು ಮುಂದುವರಿಸುವ ಮೊದಲು ಆ ಊರಿನ ಹೆಸರಿನ ಬಗ್ಗೆ ಒಂದು ಮಾತು. ಎಡಿಸನ್ ಅಂದರೆ ಆ ಎಡಿಸನ್ನೇ. ಮೆನ್ಲೋ ಪಾರ್ಕ್ ಎಂಬ ಅವನ ಪ್ರಯೋಗಶಾಲೆ ಇದ್ದದ್ದು ಇದೇ ಊರಿನ ಸರಹದ್ದಿನಲ್ಲಿ. 1954ರಲ್ಲಿ ಊರಿಗೇ ಅವನ ಹೆಸರಿಟ್ಟರು. ಪ್ರಯೋಗಶಾಲೆ ಇದ್ದ ಜಾಗದಲ್ಲಿ ಈಗ ಒಂದು ಎತ್ತರದ ಗೋಪುರ, ಅದರ ತುದಿಗೆ ದೈತ್ಯಾಕಾರದ ಗಾಜಿನ ಬಲ್ಬು. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ಹೊತ್ತು ಹೋದರೆ ಓಕ್ ಟ್ರೀ ರೋಡ್: ಸೀರೆ ಅಂಗಡಿ, ಚಿನ್ನದಂಗಡಿ, ದೋಸೆ ಹೋಟೆಲು, ಊರಿಗೆ ಹೋಗಲು ಅಗ್ಗದ ಟಿಕೆಟ್ ಕೊಡಿಸುವ ಏಜೆನ್ಸಿಗಳು. ಅಂದರೆ ಮನುಷ್ಯನ ದನಿಯನ್ನು ಮೊದಲ ಬಾರಿಗೆ ಹಿಡಿದಿಟ್ಟು ಮತ್ತೆ ಕೇಳಿಸಿದ ಜಾಗದ ಮಗ್ಗುಲಲ್ಲೇ ನನ್ನ ದನಿಯೂ ಒಂದು ಟೇಪಿನಲ್ಲಿ ಹೋಗಿ ಕೂತಿತ್ತು.

ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದಾಗ ಅವನ ತಲೆಯಲ್ಲಿ ಹಾಡಿಗಿಂತ ಆಫೀಸಿನ ಕೆಲಸವೇ ಹೆಚ್ಚಾಗಿ ಇತ್ತು ಎನ್ನುವುದನ್ನು ನಾವು ಮರೆಯುತ್ತೇವೆ. ಮರುವರ್ಷ ಒಂದು ಪತ್ರಿಕೆಗೆ ಬರೆದ ಲೇಖನದಲ್ಲಿ ಅವನು ತನ್ನ ಯಂತ್ರದ ಹತ್ತು ಉಪಯೋಗಗಳನ್ನು ಪಟ್ಟಿ ಮಾಡಿದ. ಮೊದಲನೆಯದೇ ಗುಮಾಸ್ತನ ನೆರವಿಲ್ಲದೆ ಪತ್ರ ಬರೆಸುವುದು. ಕೊನೆಯದು, ಟೆಲಿಫೋನಿಗೆ ಇದನ್ನು ಜೋಡಿಸಿ, ಆಡಿದ ಕೂಡಲೇ ಗಾಳಿಗೆ ಹೋಗುವ ಮಾತನ್ನು ಶಾಶ್ವತ ದಾಖಲೆಯಾಗಿ ಉಳಿಸಿಕೊಳ್ಳುವುದು. ಟೆಲಿಫೋನಿಗೆ ಆಗಿನ್ನೂ ಎರಡು ವರ್ಷ ವಯಸ್ಸು. ತವರದ ತಗಡಿನ ಮೇಲೆ ಗೀರು ಎಳೆಯುವ ಆ ಯಂತ್ರದಿಂದ ಅದು ಸಾಧ್ಯವಾಗಲಿಲ್ಲ. ಆದರೆ ಬಯಕೆ ಮಾತ್ರ ಅಷ್ಟು ಹಳೆಯದು.

ಬಯಕೆಯನ್ನು ಯಂತ್ರವಾಗಿಸಿದವನು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ತಂತ್ರಜ್ಞನಾಗಿದ್ದವನು. ಫೋನ್ ಮಾಡಿದಾಗ ಆ ಕಡೆ ಯಾರೂ ಇಲ್ಲದಿದ್ದರೆ ಸಂದೇಶವನ್ನಾದರೂ ಬಿಟ್ಟುಹೋಗಬೇಕಲ್ಲ ಎಂಬುದು ಅವನ ಯೋಚನೆ. ಹಿತ್ತಾಳೆಯ ಉರುಳೆಗೆ ಉಕ್ಕಿನ ತಂತಿ ಸುತ್ತಿ, ದನಿಯ ಏರಿಳಿತವನ್ನು ಆ ತಂತಿಯಲ್ಲಿ ಅಯಸ್ಕಾಂತದ ಏರಿಳಿತವಾಗಿ ಉಳಿಸಿದ. 1898ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಾಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ಯಂತ್ರದ ಹೆಸರು ಟೆಲಿಗ್ರಾಫೋನ್. ಮುಂದಿನ ಟೇಪ್ ರೆಕಾರ್ಡರ್, ಕ್ಯಾಸೆಟ್ಟು, ಕಂಪ್ಯೂಟರಿನ ಹಾರ್ಡ್ ಡಿಸ್ಕು ಎಲ್ಲವೂ ಅದರ ಸಂತಾನವೇ. ಅಯಸ್ಕಾಂತದಲ್ಲಿ ದನಿ ಹಿಡಿಯುವ ವಿದ್ಯೆ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. ಎತ್ತದೇ ಹೋದ ಒಂದು ಫೋನಿಗಾಗಿ.

1900ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಈ ಯಂತ್ರದ ಮುಂದೆ ನಿಂತು ಮಾತಾಡಿದ. ಆ ತಂತಿ ಈಗಲೂ ಡೆನ್ಮಾರ್ಕಿನಲ್ಲಿದೆ. ಉಳಿದುಬಂದಿರುವ ಅಯಸ್ಕಾಂತೀಯ ಧ್ವನಿಮುದ್ರಣಗಳಲ್ಲಿ ಅದೇ ಅತಿ ಹಳೆಯದು. ಚಕ್ರವರ್ತಿ ಹೇಳಿದ್ದೇನೆಂದರೆ, ಈ ಆವಿಷ್ಕಾರ ಬಹಳ ಆಸಕ್ತಿ ಹುಟ್ಟಿಸಿತು, ತೋರಿಸಿದ್ದಕ್ಕೆ ಧನ್ಯವಾದ. ಅಷ್ಟೇ. ಚಕ್ರವರ್ತಿಯಾದರೂ ಸರಿ, ಯಂತ್ರದೆದುರು ನಿಂತಾಗ ನಾಲಿಗೆಗೆ ಬರುವುದು ಸಭಾಮರ್ಯಾದೆಯ ಒಂದು ವಾಕ್ಯ ಮಾತ್ರ ಎಂದು ನನಗೆ ನಗು ಬರುತ್ತದೆ. ನನಗಾದರೋ ಆ ವಾಕ್ಯವೂ ಸರಿಯಾಗಿ ಬಂದಿರಲಿಲ್ಲ.

ಇಷ್ಟು ಮುಂಚೆ ಹುಟ್ಟಿದ ವಸ್ತು ನಮ್ಮ ಕೈಗೆ ಬರಲು ಇಷ್ಟು ತಡವೇಕೆ ಎಂಬ ಪ್ರಶ್ನೆಗೆ ಸಿಗುವ ಉತ್ತರ ಸ್ವಾರಸ್ಯದ್ದು. 1930ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿ ಟೇಪಿನಲ್ಲಿ ಸಂದೇಶ ಹಿಡಿಯುವ ಯಂತ್ರವನ್ನು ಮಾಡಿ ತೋರಿಸಿದ್ದ. ಟೆಲಿಫೋನಿನ ಏಕಸ್ವಾಮ್ಯ ಹೊಂದಿದ್ದ ಎಟಿ ಅಂಡ್ ಟಿ ಕಂಪನಿ ಅದನ್ನು ಹೊರಗೆ ಬಿಡಲಿಲ್ಲ. ಅರವತ್ತು ವರ್ಷಗಳ ಮೇಲೆ ಮಾರ್ಕ್ ಕ್ಲಾರ್ಕ್ ಎಂಬ ಇತಿಹಾಸಕಾರರು ಕಂಪನಿಯ ಹಳೆಯ ಕಡತಗಳನ್ನು ಓದಿ ಕಾರಣ ಬರೆದರು. ಫೋನಿನಲ್ಲಿ ಆಡಿದ ಮಾತು ದಾಖಲಾಗಬಹುದು ಎಂದು ಜನಕ್ಕೆ ಗೊತ್ತಾದರೆ ಅವರು ಫೋನನ್ನೇ ಬಿಟ್ಟು ಪತ್ರಕ್ಕೆ ಮರಳಿಯಾರು ಎಂಬುದು ಆಡಳಿತದವರ ಹೆದರಿಕೆಯಾಗಿತ್ತು. ವ್ಯಾಪಾರಿಗಳು ಫೋನಿನಲ್ಲಿ ಆಡಿದ ಮಾತು ಒಪ್ಪಂದವಾಗಿ ಕುತ್ತಿಗೆಗೆ ಬಂದರೆ? ಖಾಸಗಿ ಮಾತು ಮೂರನೆಯವರ ಕಿವಿಗೆ ಬಿದ್ದರೆ? ಮಾತು ಆಡಿದ ಕೂಡಲೇ ಅಳಿಸಿಹೋಗುತ್ತದೆ ಎಂಬ ನಂಬಿಕೆಯೇ ಟೆಲಿಫೋನಿನ ಬಂಡವಾಳ ಎಂದು ಅವರು ತಿಳಿದಿದ್ದರು. ಇದು ಪೂರ್ತಿ ಮೂರ್ಖತನ ಎಂದು ನಾನು ಹೇಳಲಾರೆ. ಈಗ ಯಾವ ಕಚೇರಿಗೆ ಫೋನ್ ಮಾಡಿದರೂ ನಿಮ್ಮ ಕರೆಯನ್ನು ಮುದ್ರಿಸಲಾಗುತ್ತಿದೆ ಎಂಬ ಎಚ್ಚರಿಕೆ ಕೇಳಿದಾಗ ನಮ್ಮ ದನಿ ತಾನಾಗಿ ಒಂದು ಮೆಟ್ಟಿಲು ಇಳಿಯುವುದಿಲ್ಲವೇ?

ಹೀಗಾಗಿ ಯಂತ್ರದ ಜಾಗದಲ್ಲಿ ಬಹುಕಾಲ ಮನುಷ್ಯರೇ ಇದ್ದರು, ಅದರಲ್ಲೂ ಹೆಂಗಸರು. ಅಮೆರಿಕದ ನಗರಗಳಲ್ಲಿ ಆನ್ಸರಿಂಗ್ ಸರ್ವಿಸ್ ಎಂಬ ವ್ಯಾಪಾರ ಬೆಳೆಯಿತು. ಡಾಕ್ಟರು, ವಕೀಲರು, ಕೊಳಾಯಿ ರಿಪೇರಿಯವರು, ಅವಕಾಶಕ್ಕೆ ಕಾಯುವ ನಟರು ತಿಂಗಳಿಗಿಷ್ಟು ಅಂತ ಕೊಟ್ಟರೆ ಅವರ ಫೋನನ್ನು ಸ್ವಿಚ್‌ಬೋರ್ಡಿನ ಮುಂದೆ ಕೂತ ಒಬ್ಬಾಕೆ ಎತ್ತಿ, ಯಾರು, ಏನು, ಯಾವ ನಂಬರು ಎಂದು ಕೇಳಿ ಬರೆದಿಡುತ್ತಿದ್ದಳು. 1956ರಲ್ಲಿ ಬ್ರಾಡ್‌ವೇಗೆ ಬಂದು ನಾಲ್ಕು ವರ್ಷಕ್ಕೆ ಸಿನಿಮಾವೂ ಆದ 'ಬೆಲ್ಸ್ ಆರ್ ರಿಂಗಿಂಗ್' ಎಂಬ ಸಂಗೀತ ನಾಟಕದ ನಾಯಕಿ ಇಂಥವಳೇ. ಮುಖ ನೋಡದ ಗಿರಾಕಿಗಳ ಬದುಕಿನೊಳಗೆ ತಲೆಹಾಕಿ, ಅವರಿಗೆ ಬೇಕಾದದ್ದನ್ನು ಅವರಿಗೇ ತಿಳಿಯದಂತೆ ಮಾಡಿಕೊಡುವವಳು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಪಿ.ಪಿ. ನಂಬರು. ಇಂದಿನ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲಾರದು. ಮನೆಯಲ್ಲಿ ಫೋನಿಲ್ಲದವರು ಪಕ್ಕದ ಮನೆಯ ಅಥವಾ ಅಂಗಡಿಯ ನಂಬರನ್ನು ಕೊಟ್ಟು, ಅದರ ಮುಂದೆ ಪಿ.ಪಿ. ಎಂದು ಬರೆಯುತ್ತಿದ್ದರು. ವಿಸಿಟಿಂಗ್ ಕಾರ್ಡಿನಲ್ಲಿ, ಮದುವೆ ಕಾಗದದಲ್ಲಿ, ಅರ್ಜಿಗಳಲ್ಲಿ ಎಲ್ಲೆಲ್ಲೂ. ಸಾಗರದ ಆಚೆ ನಮ್ಮ ಹಳ್ಳಿಗೆಲ್ಲ ಸೇರಿ ಇದ್ದದ್ದು ಒಂದು ಕಿರಾಣಿ ಅಂಗಡಿಯ ಫೋನು. ಅಂಗಡಿ ಶೆಟ್ರು ಅದನ್ನು ಎತ್ತಿ "ಹಲೋ, ಯಾರು? ಯಾರ ಮನೆಗೆ?" ಎನ್ನುವರು. ಮನೆ ಹತ್ತಿರದ್ದಾದರೆ ಹುಡುಗನನ್ನು ಓಡಿಸುವರು. ದೂರವಾದರೆ ಫೋನಿನ ಪಕ್ಕ ದಾರ ಕಟ್ಟಿ ನೇತುಹಾಕಿದ ಉದ್ದ ಪುಸ್ತಕದಲ್ಲಿ ಬರೆದುಕೊಳ್ಳುವರು. ಬರೆದದ್ದನ್ನು ಒಮ್ಮೆ ಜೋರಾಗಿ ಓದಿ ಹೇಳುವರು. "ಸರಿ ಉಂಟಾ ನೋಡಿ. ಎರಡು, ಎರಡು, ಆಮೇಲೆ ಏಳು ಅಂದ್ರಲ್ಲ, ಏಳೋ ಒಂದೋ?" ಎಂದು ಕೇಳುವರು. ಮನೆಯ ವಿಚಾರ ಅವರಿಗೆಲ್ಲ ತಿಳಿಯುತ್ತದೆ ಎಂದು ನಮಗೆಲ್ಲ ಸಿಟ್ಟಿತ್ತು. ಆದರೆ ಒಂದು ಸಂದೇಶವೂ ತಪ್ಪಿದ್ದು ನನಗೆ ನೆನಪಿಲ್ಲ.

ಅಮೆರಿಕದ ಆಫೀಸುಗಳಲ್ಲಿ ಶೆಟ್ಟರ ಪುಸ್ತಕದ ಕೆಲಸ ಮಾಡುತ್ತಿದ್ದದ್ದು ಒಂದು ಗುಲಾಬಿ ಬಣ್ಣದ ಚೀಟಿ. ನೀವು ಹೊರಗೆ ಹೋಗಿದ್ದಾಗ ಎಂಬ ತಲೆಬರಹ. ಕೆಳಗೆ ಯಾರಿಗೆ, ದಿನಾಂಕ, ಸಮಯ, ಕರೆ ಮಾಡಿದವರ ಹೆಸರು, ಯಾವ ಸಂಸ್ಥೆ, ಫೋನ್ ನಂಬರು. ಅದರ ಕೆಳಗೆ ಟಿಕ್ ಹಾಕಲು ಪುಟ್ಟ ಚೌಕಗಳು: ಫೋನ್ ಮಾಡಿದ್ದರು, ಬಂದಿದ್ದರು, ತಿರುಗಿ ಮಾಡಿ, ಅವರೇ ಮತ್ತೆ ಮಾಡುತ್ತಾರೆ, ತುರ್ತು. ಕೊನೆಗೆ ಸಂದೇಶಕ್ಕೆ ಮೂರು ನಾಲ್ಕು ಗೆರೆ. ನಾನು ಹೋದ ಕಾಲಕ್ಕೂ ಸ್ಟೇಷನರಿ ಅಂಗಡಿಗಳಲ್ಲಿ ಕಟ್ಟುಗಟ್ಟಲೆ ಸಿಗುತ್ತಿದ್ದವು. ಈ ಚೀಟಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇದು ಬರೀ ಕಾಗದವಲ್ಲ, ಒಂದು ಪ್ರಶ್ನಾವಳಿ. ಖಾಲಿ ಗೆರೆಯೊಂದು ಕಣ್ಣೆದುರು ಇದ್ದರೆ ರಿಸೆಪ್ಷನಿಸ್ಟ್ ಅದನ್ನು ತುಂಬಿಸಲೆಂದೇ ಪ್ರಶ್ನೆ ಕೇಳುತ್ತಾಳೆ. ಕರೆ ಮಾಡಿದವನು ಎಷ್ಟೇ ಗಲಿಬಿಲಿಯಲ್ಲಿರಲಿ, ಹೆಸರು ಹೇಳುವುದನ್ನು ಮರೆತಿರಲಿ, ಚೀಟಿ ಮರೆಯುವುದಿಲ್ಲ.

ಈ ಚೀಟಿಯನ್ನು ಮುಗಿಸಿದವನು ಟೆಕ್ಸಸ್ಸಿನ ಗಾರ್ಡನ್ ಮ್ಯಾಥ್ಯೂಸ್. 1970ರ ದಶಕದಲ್ಲಿ ಒಂದು ಮಳೆಯ ದಿನ ಯಾವುದೋ ಕಂಪನಿಗೆ ಹೋದಾಗ, ಹೊರಗಿನ ಕಸದ ತೊಟ್ಟಿಯಲ್ಲಿ ರಾಶಿ ರಾಶಿ ಗುಲಾಬಿ ಚೀಟಿಗಳು ನೆನೆದು ಮುದ್ದೆಯಾಗಿದ್ದನ್ನು ಕಂಡು ಅವನಿಗೆ ವಾಯ್ಸ್‌ಮೇಲಿನ ಯೋಚನೆ ಬಂತು ಎಂಬ ಕಥೆ ಪ್ರಸಿದ್ಧವಾಗಿದೆ. ಕಥೆ ತುಸು ಚಂದವಾಗಿಯೇ ಇದೆ, ಹಾಗಾಗಿ ನಾನು ಅರ್ಧ ನಂಬುತ್ತೇನೆ. ಅವನು 1979ರಲ್ಲಿ ಕಂಪನಿ ಕಟ್ಟಿ ಪೇಟೆಂಟಿಗೆ ಅರ್ಜಿ ಹಾಕಿದ್ದು, 1983ರಲ್ಲಿ ಅದು ಸಿಕ್ಕಿದ್ದು, 3ಎಂ ಕಂಪನಿ ಮೊದಲ ಗಿರಾಕಿಯಾದದ್ದು ಮಾತ್ರ ದಾಖಲೆಯಲ್ಲಿದೆ. ಮೊದಲ ಸ್ವಾಗತ ಸಂದೇಶಕ್ಕೆ ದನಿ ಕೊಟ್ಟವಳು ಅವನ ಹೆಂಡತಿ ಮೋನಿಕಾ.

ಮನೆಯ ಆನ್ಸರಿಂಗ್ ಮಷೀನಿಗೂ ಇದಕ್ಕೂ ವ್ಯತ್ಯಾಸವಿದೆ. ಮಷೀನು ಒಂದು ಫೋನಿಗೆ ಅಂಟಿಕೊಂಡ ಟೇಪು. 1968ರಲ್ಲಿ ಹೊರಗಿನ ಉಪಕರಣಗಳನ್ನೂ ಫೋನ್ ಲೈನಿಗೆ ಜೋಡಿಸಬಹುದು ಎಂದು ಅಮೆರಿಕದ ಸಂಪರ್ಕ ಆಯೋಗ ತೀರ್ಪು ಕೊಟ್ಟ ಮೇಲೆ ಅಂಥವು ಮನೆಮನೆಗೆ ಬಂದವು. 1974ರಿಂದ ಆರು ವರ್ಷ ಓಡಿದ 'ದ ರಾಕ್‌ಫರ್ಡ್ ಫೈಲ್ಸ್' ಎಂಬ ಪತ್ತೇದಾರಿ ಧಾರಾವಾಹಿಯ ಪ್ರತಿ ಕಂತೂ ಇಂಥ ಮಷೀನಿನಲ್ಲಿ ಯಾರೋ ಬಿಟ್ಟ ಸಂದೇಶದಿಂದಲೇ ಶುರುವಾಗುತ್ತಿತ್ತು. ಮ್ಯಾಥ್ಯೂಸನ ವ್ಯವಸ್ಥೆಯಲ್ಲಾದರೋ ದನಿ ಅಂಕಿಗಳಾಗಿ ಕಂಪ್ಯೂಟರಿನ ಡಿಸ್ಕಿಗೆ ಹೋಗುತ್ತದೆ. ಇಡೀ ಆಫೀಸಿಗೆ ಒಂದೇ ಪೆಟ್ಟಿಗೆ, ಒಳಗೆ ಒಬ್ಬೊಬ್ಬರಿಗೆ ಒಂದೊಂದು ಗೂಡು. ಗುಂಡಿ ಒತ್ತಿ ಕೇಳಬಹುದು, ಅಳಿಸಬಹುದು, ಬೇರೆಯವರ ಗೂಡಿಗೆ ದಾಟಿಸಬಹುದು. ಕಂಪನಿಗಳಿಗೆ ಕಂಡ ಲಾಭ ಸ್ಪಷ್ಟವಾಗಿತ್ತು: ಚೀಟಿ ಬರೆಯುವವರ ಸಂಬಳ ಉಳಿಯಿತು. ಚೀಟಿಯ ಪ್ರಶ್ನೆಗಳನ್ನು ಯಾರು ಕೇಳಬೇಕು ಎಂಬುದನ್ನು ಯಾರೂ ಯೋಚಿಸಲಿಲ್ಲ. ಆ ಹೊರೆ ಸದ್ದಿಲ್ಲದೆ ಕರೆ ಮಾಡಿದವನ ಹೆಗಲಿಗೆ ಬಂತು.

ಯಾರೂ ಯೋಚಿಸಲಿಲ್ಲ ಎಂದರೆ ತಪ್ಪಾದೀತು. ಐಬಿಎಂ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಸ್ಟೀಫನ್ ಬಾಯ್ಸ್, ಜಾನ್ ಗೂಲ್ಡ್ ಮುಂತಾದವರು ಯೋಚಿಸಿದ್ದರು. ಅವರಿಬ್ಬರೂ ಮನಶ್ಶಾಸ್ತ್ರದವರು. 1970ರ ದಶಕದಲ್ಲೇ ದನಿಯ ಕಡತಗಳ ವ್ಯವಸ್ಥೆಯೊಂದನ್ನು ಕಟ್ಟಿದ್ದರು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿಗೆ, ನಮ್ಮ ಪಿ.ಟಿ. ಉಷಾ ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡ ಅದೇ ಒಲಿಂಪಿಕ್ಸಿಗೆ, ಕ್ರೀಡಾಪಟುಗಳಿಗಾಗಿ ಒಂದು ಸಂದೇಶ ವ್ಯವಸ್ಥೆಯನ್ನು ಮಾಡಿಕೊಟ್ಟರು. ದೂರದ ದೇಶದಲ್ಲಿರುವ ಅಪ್ಪ ಅಮ್ಮ ಫೋನ್ ಮಾಡಿ ಮಗಳಿಗೆ ಒಂದು ಮಾತು ಬಿಡಬಹುದು; ಅವಳು ಕ್ರೀಡಾಗ್ರಾಮದ ಯಾವುದೇ ಬೂತಿನಿಂದ ಅದನ್ನು ಅವರದೇ ದನಿಯಲ್ಲಿ ಕೇಳಬಹುದು. ಹನ್ನೆರಡು ಭಾಷೆಗಳಲ್ಲಿ ಸೂಚನೆಗಳಿದ್ದವು. ಈ ಕೆಲಸ ಇಂದಿಗೂ ಕಂಪ್ಯೂಟರ್ ವಿದ್ಯಾರ್ಥಿಗಳ ಪಾಠದಲ್ಲಿರುವುದು ಅದರ ತಂತ್ರಕ್ಕಲ್ಲ, ಅದನ್ನು ಮಾಡಿದ ರೀತಿಗೆ. ಪ್ರೋಗ್ರಾಂ ಬರೆಯುವ ಮೊದಲೇ ಬಳಕೆದಾರರ ಕೈಪಿಡಿ ಬರೆದರು. ಮರದ ಹುಸಿ ಬೂತೊಂದನ್ನು ಆಫೀಸಿನ ಓಡಾಟದ ದಾರಿಯಲ್ಲಿ ನಿಲ್ಲಿಸಿ, ಹೋಗಿ ಬರುವವರಿಂದ ಸಲಹೆ ಕೇಳಿದರು. ಫೋನ್ ಎತ್ತಿಕೊಂಡವನು ಎಲ್ಲಿ ತಡವರಿಸುತ್ತಾನೆ ಎನ್ನುವುದನ್ನು ತಾಳ್ಮೆಯಿಂದ ನೋಡಿದರು. ಆ ತಾಳ್ಮೆ ಆಮೇಲೆ ಮಾರುಕಟ್ಟೆಗೆ ಬಂದ ಪೆಟ್ಟಿಗೆಗಳಲ್ಲಿ ಕಾಣಲಿಲ್ಲ. ಮಾರಾಟಕ್ಕೆ ಒಂದು ಒತ್ತಿ, ಬಿಲ್ಲಿಗೆ ಎರಡು ಒತ್ತಿ ಎನ್ನುತ್ತ ಸುತ್ತಿಸುವ ಆ ಅನುಭವಕ್ಕೆ ಅಮೆರಿಕನ್ನರು ವಾಯ್ಸ್‌ಮೇಲ್ ಜೈಲು ಎಂದೇ ಹೆಸರಿಟ್ಟರು.

ನನ್ನ ಶುಕ್ರವಾರಕ್ಕೆ ಮರಳುತ್ತೇನೆ. ನಾನು ಬಿಟ್ಟ ಸಂದೇಶ ಹೀಗೆ ಶುರುವಾಗಿತ್ತು: ನಾನು ಮಧ್ಯಾಹ್ನ ಫೋನ್ ಮಾಡಿದ್ದೆನಲ್ಲ, ನಮ್ಮ ತಂದೆಗೆ ಹುಷಾರಿಲ್ಲ ಅಂತ, ಆಗ ಆಫೀಸಿನಲ್ಲಿ ಕೇಳಬೇಕು ಅಂದಿದ್ದೆ, ಈಗ ಕೇಳಿದೆ. ನಮ್ಮಲ್ಲಿ ಮಾತಾಡುವುದೇ ಹೀಗೆ. ಹಿನ್ನೆಲೆ ಮೊದಲು, ವಿಷಯ ಆಮೇಲೆ. ಇಂಗ್ಲಿಷಿನಲ್ಲಿ ಮಾತಾಡಿದರೂ ವಾಕ್ಯ ಕನ್ನಡದ ದಾರಿಯಲ್ಲೇ ನಡೆಯುತ್ತದೆ. ಹೆಸರು ಎಲ್ಲೋ ನಡುವೆ ಬಂತು. ಮಷೀನು ಯಾವಾಗ ನಿಂತುಬಿಡುತ್ತದೋ ಎಂಬ ಆತಂಕದಲ್ಲಿ ಕೊನೆಗೆ ಒಂದೇ ಉಸಿರಿಗೆ ನಂಬರು ಹೇಳಿದೆ. ಆ ರಾತ್ರಿ ನಾನು ಇರಲಿದ್ದದ್ದು ಗೆಳೆಯನ ಮನೆಯಲ್ಲಿ, ಅಲ್ಲಿಯ ನಂಬರು. ನಮ್ಮ ಭಾಗಕ್ಕೆ 908 ಹೋಗಿ 732 ಎಂಬ ಹೊಸ ಏರಿಯಾ ಕೋಡ್ ಬಂದು ಒಂದೂವರೆ ವರ್ಷವಾಗಿತ್ತಷ್ಟೆ. ಅದನ್ನು ಮರೆಯಬಾರದು ಎಂದು ಒತ್ತಿ ಹೇಳಿದೆ. ಉಳಿದ ಏಳು ಅಂಕಿಗಳ ನಡುವೆ ಎರಡು ಎರಡುಗಳಿದ್ದವು. ನಾವೆಲ್ಲ ಹೇಳುವಂತೆ "ಡಬಲ್ ಟೂ" ಎಂದೆ.

ಯಜಮಾನರು ಗುಜರಾತಿನವರು, ಅವರಿಗಾದರೆ ಅರ್ಥವಾಗುತ್ತಿತ್ತು. ಸಂಜೆ ಬಂದು ಮಷೀನು ಕೇಳಿ ಬರೆದುಕೊಳ್ಳುತ್ತಿದ್ದವಳು ಅಲ್ಲಿಯೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. ಅಲ್ಲಿಯವರು ಅಂಕಿಗಳನ್ನು ಒಂದೊಂದಾಗಿ ಹೇಳುತ್ತಾರೆ; ಡಬಲ್, ಟ್ರಿಪಲ್ ಎಂಬ ರೂಢಿ ಕಡಿಮೆ. ನನ್ನ ಡಬಲ್ ಅವಳ ಕಿವಿಗೆ ಡಬ್ಲ್ಯೂ ಎಂದು ಕೇಳಿಸಿತು. ಅಮೆರಿಕದ ಫೋನುಗಳ ಗುಂಡಿಗಳ ಮೇಲೆ ಅಕ್ಷರಗಳೂ ಇರುತ್ತವೆ, ಅಂಗಡಿಗಳು ನಂಬರಿನ ಬದಲು ಅಕ್ಷರ ಹೇಳುವುದೂ ಉಂಟು. ಡಬ್ಲ್ಯೂ ಇರುವುದು ಒಂಬತ್ತರ ಮೇಲೆ. ಅವಳು 22ರ ಬದಲು 92 ಒತ್ತಿದಳು. ಅಂಕಿಗಳ ಲೆಕ್ಕ ಸರಿಯಾಗಿಯೇ ಇದ್ದುದರಿಂದ ಅನುಮಾನವೂ ಬರಲಿಲ್ಲ. ಯಾರದೋ ಮನೆಯಲ್ಲಿ ಫೋನೆತ್ತಿ ಅಂಥವರು ಇಲ್ಲಿಲ್ಲ ಎಂದರಂತೆ. ಎರಡು ಸಲ ಮಾಡಿದಳಂತೆ. ದುಡ್ಡಿನ ವಿಚಾರ ಖಚಿತ ಮಾಡಿಕೊಳ್ಳದೆ ಟಿಕೆಟ್ ಬರೆಯುವ ಅಧಿಕಾರ ಅವಳಿಗಿರಲಿಲ್ಲ. ನಡುರಾತ್ರಿಗೆ ಸೀಟು ಬಿಟ್ಟುಹೋಯಿತು.

ಇದೆಲ್ಲ ನನಗೆ ತಿಳಿದದ್ದು ಶನಿವಾರ ಬೆಳಿಗ್ಗೆ ಹತ್ತಕ್ಕೆ, ಚೆಕ್ಕು ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಹೋದಾಗ. ಅವಳು ತಾನು ಬರೆದುಕೊಂಡ ಚೀಟಿ ತೋರಿಸಿದಳು. ಗುಲಾಬಿ ಬಣ್ಣದ್ದೇ. ಅವಳ ಕಣ್ಣಲ್ಲಿ ನೀರಿತ್ತು. ಅವಳದೇನೂ ತಪ್ಪಿರಲಿಲ್ಲ. ನನ್ನದೂ ಅಲ್ಲ ಎಂದು ಹೇಳಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ಈಗಲೂ ಪೂರ್ತಿ ಹೇಳಿಕೊಂಡಿಲ್ಲ. ಮುಂದಿನ ಸೀಟು ಸಿಕ್ಕಿದ್ದು ಸೋಮವಾರ. ಅಪ್ಪ ಮಂಗಳವಾರ ಬೆಳಗಿನ ಜಾವ ಹೋದರು. ನಾನು ಊರು ಮುಟ್ಟಿದ್ದು ಬುಧವಾರ.

ಮರಳಿ ಹೋದ ಮೇಲೆ, ಫೆಬ್ರವರಿಯಲ್ಲಿರಬೇಕು, ನಾನು ಕೆಲಸ ಮಾಡುತ್ತಿದ್ದ ಕಡೆ ಅರ್ಧ ದಿನದ ತರಬೇತಿ ಇತ್ತು: ವ್ಯವಹಾರದಲ್ಲಿ ವಾಯ್ಸ್‌ಮೇಲ್ ಬಿಡುವುದು ಹೇಗೆ. ಹೊಸದಾಗಿ ಬಂದ ಪರದೇಶದವರಿಗೆಲ್ಲ ಕಡ್ಡಾಯ. ಎರಡು ತಿಂಗಳು ತಡವಾಗಿ ಬಂದ ಪಾಠ ಎಂದು ಒಳಗೊಳಗೇ ಕುದಿಯುತ್ತಾ ಕೊನೆಯ ಸಾಲಿನಲ್ಲಿ ಕೂತೆ. ಪಾಠ ಮಾಡಿದಾಕೆ ಅರವತ್ತರ ಹತ್ತಿರದ ಮಹಿಳೆ, ಹಿಂದೆ ಇಪ್ಪತ್ತು ವರ್ಷ ರಿಸೆಪ್ಷನಿಸ್ಟ್ ಆಗಿದ್ದವಳು. ಅವಳು ಹೇಳಿದ್ದು ಸರಳ. ಫೋನ್ ಮಾಡುವ ಮೊದಲೇ ಯಂತ್ರ ಎತ್ತಬಹುದು ಎಂದುಕೊಂಡು ಹೇಳಬೇಕಾದ್ದನ್ನು ಎರಡು ಸಾಲು ಬರೆದಿಟ್ಟುಕೊಳ್ಳಿ. ಮೊದಲು ನಿಮ್ಮ ಹೆಸರು, ಕಷ್ಟದ ಹೆಸರಾದರೆ ಅಕ್ಷರ ಬಿಡಿಸಿ. ಎಲ್ಲಿಂದ ಮಾತಾಡುತ್ತಿದ್ದೀರಿ. ತಕ್ಷಣ ನಂಬರು. ಆಮೇಲೆ ಏನು ಬೇಕು ಎಂಬುದು ಒಂದೇ ವಾಕ್ಯದಲ್ಲಿ, ಯಾವಾಗಿನೊಳಗೆ ಬೇಕು, ನೀವು ಯಾವ ಹೊತ್ತಿಗೆ ಸಿಗುತ್ತೀರಿ. ಕೊನೆಗೆ ನಂಬರು ಇನ್ನೊಮ್ಮೆ. ಕೇಳುವವರು ನಂಬರಿಗಾಗಿ ಇಡೀ ಸಂದೇಶವನ್ನು ಮತ್ತೆ ಕೇಳುವಂತಾಗಬಾರದು, ಅದಕ್ಕೇ ಎರಡು ಸಲ. ಬೇರೆಯವರ ಕಿವಿಗೆ ಬೀಳಬಾರದ ವಿಷಯವನ್ನು ಹೇಳಲೇಬೇಡಿ. ಆ ಗುಂಡಿಯನ್ನು ಯಾರು ಒತ್ತಿ ಕೇಳುತ್ತಾರೋ ನಿಮಗೆ ತಿಳಿಯದು.

ಒಂದು ಮಾತು ಮಾತ್ರ ನನ್ನನ್ನು ತಟ್ಟಿತು. ನಂಬರು ಹೇಳುವಾಗ ನೀವೂ ಅದನ್ನು ಕಾಗದದ ಮೇಲೆ ಬರೆಯುತ್ತಾ ಹೇಳಿ, ಕೇಳುವವಳ ಕೈಗೂ ಅಷ್ಟೇ ವೇಗ ಎಂದಳು. ಆಗ ನನಗೆ ಹೊಳೆದದ್ದು, ಇವಳು ಕಲಿಸುತ್ತಿರುವುದು ಬೇರೇನನ್ನೂ ಅಲ್ಲ, ಆ ಗುಲಾಬಿ ಚೀಟಿಯನ್ನೇ. ಹೆಸರು, ಸಂಸ್ಥೆ, ನಂಬರು, ವಿಷಯ, ತುರ್ತೋ ಅಲ್ಲವೋ, ನೀವು ಮಾಡುತ್ತೀರೋ ಅವರು ಮಾಡಬೇಕೋ. ಇಪ್ಪತ್ತು ವರ್ಷ ಅವಳು ಬೇರೆಯವರಿಂದ ಕೇಳಿ ಕೇಳಿ ತುಂಬಿಸಿದ ಗೆರೆಗಳು. ಯಂತ್ರಕ್ಕೆ ಕೇಳಲು ಬರುವುದಿಲ್ಲ. ಅದು ಏಳೋ ಒಂದೋ ಎನ್ನುವುದಿಲ್ಲ. ಹಾಗಾಗಿ ಅದರೆದುರು ಮಾತಾಡುವವನು ಕೇಳುವವರ ಪಾಲಿನ ಮಾತನ್ನೂ ತಾನೇ ಆಡಬೇಕು.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ನಮ್ಮ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಗೆಳೆಯನ ಮನೆಯ ಮಷೀನು ಮೂವತ್ತು ಸೆಕೆಂಡಿಗೆ ನಿಂತುಬಿಡುವಂಥದ್ದು. ಅದರಲ್ಲಿ ಒಮ್ಮೆ ಉಳಿದ ಸಂದೇಶ: "ಶನಿವಾರ ನಿಮ್ಮನೆ ಸತ್ಯನಾರಾಯಣ ಪೂಜೆಗೆ ನಾವು, ನಮ್ಮತ್ತೆ, ಮಕ್ಕಳು, ಐದೂ ಜನ, ಮಧ್ಯಾಹ್ನದ ಊಟಕ್ಕೆ..." ಬರ್ತೀವಿ ಅಂದರೋ, ಬರಕ್ಕಾಗಲ್ಲ ಅಂದರೋ? ಐದು ಜನಕ್ಕೂ ಸೇರಿಸಿ ಅಡುಗೆ ಮಾಡಿದರು. ಬರಲಿಲ್ಲ.

ಭಾರತದಲ್ಲಿ ವಾಯ್ಸ್‌ಮೇಲ್ ಬೇರೂರಲೇ ಇಲ್ಲ. 1992ರಲ್ಲಿ ಸರ್ಕಾರ ಖಾಸಗಿಯವರಿಗೆ ತೆರೆದ ಸೇವೆಗಳ ಪಟ್ಟಿಯಲ್ಲಿ ಪೇಜರ್, ಮೊಬೈಲುಗಳ ಜೊತೆ ಅದೂ ಇತ್ತು. ನಮ್ಮವರು ಅದನ್ನು ಮುಟ್ಟಲಿಲ್ಲ. ಬೂತಿನಿಂದ ಮಾತಾಡುವವನಿಗೆ ಆ ಕಡೆ ಮಷೀನು ಎದ್ದರೂ ಮೀಟರು ಓಡುತ್ತದೆ. ಮನುಷ್ಯನಿಲ್ಲದ ಮಾತಿಗೆ ದುಡ್ಡೇಕೆ? ಮೊಬೈಲು ಬಂದ ಮೇಲೆ ಮಿಸ್ಡ್ ಕಾಲ್ ಸಾಕಾಯಿತು, ಅದಕ್ಕೆ ಮಾತೂ ಬೇಡ, ಕಾಸೂ ಬೇಡ. 2013ರಲ್ಲಿ ವಾಟ್ಸಾಪಿನಲ್ಲಿ ದನಿ ಕಳಿಸುವ ಸೌಕರ್ಯ ಬಂದ ಮೇಲಷ್ಟೇ ನಾವು ಯಂತ್ರಕ್ಕೆ ಮಾತಾಡಲು ಕಲಿತದ್ದು. ಅಮ್ಮ ಈಗ ದಿನಕ್ಕೆ ನಾಲ್ಕು ಕಳಿಸುತ್ತಾಳೆ. ಪ್ರತಿಯೊಂದೂ "ನಾನು ಅಮ್ಮ ಮಾತಾಡ್ತಿರೋದು" ಎಂದೇ ಶುರು. ನ್ಯೂಜೆರ್ಸಿಯ ಆ ತರಬೇತುದಾರಳು ಕೇಳಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದಳು.

ಅಲ್ಲಿ ಈಗ ವಾಯ್ಸ್‌ಮೇಲಿಗೇ ಮುಪ್ಪು ಬಂದಿದೆ. 2014ರ ಕೊನೆಗೆ ಕೋಕ-ಕೋಲ ಕಂಪನಿ ಅಟ್ಲಾಂಟಾದ ತನ್ನ ಪ್ರಧಾನ ಕಚೇರಿಯಲ್ಲಿ ಅದನ್ನು ನಿಲ್ಲಿಸಿತು. ಮರುವರ್ಷ ಜೆಪಿ ಮಾರ್ಗನ್ ಬ್ಯಾಂಕು ಗ್ರಾಹಕರೊಡನೆ ನೇರ ವ್ಯವಹಾರವಿಲ್ಲದ ನೌಕರರ ಗೂಡುಗಳನ್ನು ತೆಗೆಯತೊಡಗಿತು. ಕರೆ ಮಾಡಿದವರ ನಂಬರು ತಾನಾಗಿ ಕಾಣುತ್ತದೆ, ಆಡಿದ ಮಾತನ್ನು ಫೋನೇ ಅಕ್ಷರಕ್ಕಿಳಿಸುತ್ತದೆ. ಆದರೂ ದಂತವೈದ್ಯರ ಕ್ಲಿನಿಕ್ಕು, ಗ್ಯಾರೇಜು, ಸಣ್ಣ ಅಂಗಡಿಗಳಲ್ಲಿ ಸಂಜೆ ಆರರ ಮೇಲೆ ಬೀಪ್ ಇನ್ನೂ ಇದೆ. ನಾನು ಅಂಥ ಕಡೆ ಮಾತಾಡುವಾಗ ಪಕ್ಕದಲ್ಲಿ ಕೂತ ಮಗಳು ನಗುತ್ತಾಳೆ. ಅಂಕಿಗಳನ್ನು ಒಂದೊಂದಾಗಿ, ಗಾಳಿಯಲ್ಲಿ ಬೆರಳಿನಿಂದ ಬರೆಯುತ್ತಾ ಹೇಳುವುದು ಅವಳಿಗೆ ತಮಾಷೆ.

ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಶೆಟ್ಟರ ಅಂಗಡಿಗೆ ಹೋಗಿದ್ದೆ. ದಾರ ಕಟ್ಟಿದ ಪುಸ್ತಕ ಅಲ್ಲೇ ನೇತಾಡುತ್ತಿತ್ತು. ಅವರು ಏನೂ ಹೇಳದೆ ಪುಟ ತಿರುಗಿಸಿ ತೋರಿಸಿದರು. ಶನಿವಾರ ಬೆಳಿಗ್ಗೆ 7-30, ಅಮೆರಿಕಾದಿಂದ ಮಗ, ನಾಳೆ ಸಂಜೆ ವಿಮಾನ ಹತ್ತುತ್ತಾನೆ, ಮನೆಗೆ ಹೇಳುವುದು. ಪಕ್ಕದಲ್ಲಿ ಗೆಳೆಯನ ಮನೆಯ ನಂಬರು, ಹನ್ನೊಂದೂ ಅಂಕಿ, ಮೇಲೊಮ್ಮೆ ಕೆಳಗೊಮ್ಮೆ, ಎರಡೂ ಸಲ ಸರಿಯಾಗಿ. ಅದರ ಮುಂದೆ ಹೇಳಿದೆ ಎಂಬ ಗುರುತಿಗೆ ಒಂದು ಗೀರು. ಕೆಳಗೆ, ಶನಿವಾರ ರಾತ್ರಿ 9, ಸೀಟು ತಪ್ಪಿತಂತೆ, ಸೋಮವಾರ. ಅದಕ್ಕೂ ಗೀರು. ಅದರ ಕೆಳಗಿನ ಸಾಲು ಇನ್ಯಾರದೋ ಮನೆಗೆ, ಸಾಗರದ ಮಂಡಿಯಿಂದ, ಅಡಿಕೆ ಮೂಟೆ ಗುರುವಾರ ಕಳಿಸಬೇಕು ಎಂದು.